ನಾಲ್ಕನೇ ಕ್ರಾಸಿನ ಕೆಳಗೆ

ಇಡ್ಲಿಯಕ್ಕನ ಅಡುಗೆಮನೆಯ ನೆಲದೊಳಕ್ಕೆ ನೀರಿನ ಡ್ರಮ್ಮು ಇಳಿದುಹೋದಾಗ ನಾನು ಬಾಗಿಲಲ್ಲಿ ನಿಂತು ಟೇಪಿನ ಒಂದು ತುದಿ ಹಿಡಿದಿದ್ದೆ. ಇನ್ನೊಂದು ತುದಿ ಒಳಗೆ ನಮ್ಮ ಸರ್ವೇಯರ್ ಕೈಯಲ್ಲಿತ್ತು. ಅಂಥ ದೊಡ್ಡ ಸದ್ದೇನೂ ಆಗಲಿಲ್ಲ. ತೆಂಗಿನಕಾಯಿ ಒಡೆದ ಹಾಗೆ ಒಂದು ಶಬ್ದ, ಆಮೇಲೆ ಕೆಳಗೆಲ್ಲೋ ಭಾರ ಏನೋ ನೀರಿಗೆ ಬಿದ್ದ ಶಬ್ದ. ಡ್ರಮ್ಮು ಇದ್ದ ಮೂಲೆಯಲ್ಲಿ ಮೊರದಗಲದ ತೂತು. ಬಗ್ಗಿ ನೋಡಿದರೆ ಏಳೆಂಟು ಅಡಿ ಕೆಳಗೆ ಕಪ್ಪು ನೀರು. ನೀಲಿ ಡ್ರಮ್ಮು ಮಗ್ಗುಲಾಗಿ, ಒಳಗಿದ್ದದ್ದನ್ನೆಲ್ಲ ಚೆಲ್ಲಿಕೊಂಡು, ಹಗುರಾಗಿ, ನಿಧಾನಕ್ಕೆ ತಿರುಗುತ್ತಾ ಕೆರೆಯ ದಿಕ್ಕಿಗೆ ಹೊರಟಿತ್ತು.

ಒಲೆಯ ಮುಂದೆ ಕೂತಿದ್ದ ಇಡ್ಲಿಯಕ್ಕ ಎದ್ದರು. ತೂತಿನಿಂದ ಒಂದು ಮಾರು ಆಚೆ ಅವರ ಗ್ರೈಂಡರ್ ತಿರುಗುತ್ತಿತ್ತು. ಗೋಡೆ ಹಿಡಿದುಕೊಂಡು ಹೋಗಿ ಅದರ ಸ್ವಿಚ್ಚು ಆರಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಒಳಗ್ ಬರ್ಬೇಡಿ ಮೇಡಂ, ಅಲ್ಲೇ ನಿಂತ್ಕೊಳಿ" ಅಂದರು.

ಅವರ ದನಿಯಲ್ಲಿ ಗಾಬರಿ ಇತ್ತು, ಆಶ್ಚರ್ಯ ಇರಲಿಲ್ಲ. ಅದು ನನಗೆ ಹೊಳೆದದ್ದು ಆಮೇಲೆ.

ಮರ್ಫಿ ಟೌನಿನ ಬೆನ್ನಿಗೆ, ಹಲಸೂರು ಕೆರೆಯ ಕಡೆಗೆ ಇಳಿಜಾರಾಗಿರುವ ಎರಡು ಎಕರೆಗೂ ಕಡಿಮೆ ಜಾಗದಲ್ಲಿ ಆ ಕಾಲೊನಿ ಇದೆ. ಐದು ಕ್ರಾಸು, ಇನ್ನೂರು ಚಿಲ್ಲರೆ ಮನೆ. ಇಂದಿರಾನಗರದ ಮನೆಗಳಲ್ಲಿ ಅಡುಗೆ ಮಾಡುವವರು, ರಸ್ತೆ ಗುಡಿಸುವವರು, ಆಟೋ ಓಡಿಸುವವರು, ಬಣ್ಣ ಬಳಿಯುವವರು. ನಾನು ಕೆಲಸಕ್ಕಿದ್ದ ನಗರ ಯೋಜನೆಯ ಖಾಸಗಿ ಕಚೇರಿಗೆ ವಸತಿ ಇಲಾಖೆ ಒಪ್ಪಿಸಿದ್ದು ಇಷ್ಟು: ಮನೆಮನೆ ಅಳೆದು ನಕ್ಷೆ ಮಾಡಬೇಕು, ಜನರನ್ನು ಎಬ್ಬಿಸದೆ, ಇದ್ದಲ್ಲೇ ದಾರಿ, ಚರಂಡಿ, ನೀರು ಕೊಟ್ಟು, ಹಕ್ಕುಪತ್ರ ಹಂಚಲು ಆಗುತ್ತದೆಯೇ ಹೇಳಬೇಕು. ಆಗುತ್ತದೆ ಎಂದು ನಾನು ಕರಡು ವರದಿ ಬರೆದಾಗಿತ್ತು. ಜಾಗ ಸಾಲದವರು ಮೇಲೊಂದು ಅಂತಸ್ತು ಕಟ್ಟಿಕೊಳ್ಳಲಿ ಎಂದೂ ಶಿಫಾರಸು ಮಾಡಿದ್ದೆ. ಉಳಿದದ್ದು ಮನೆಗಳ ಸೂಕ್ಷ್ಮ ಅಳತೆ. ಡ್ರಮ್ಮು ಹೋದದ್ದು ಆ ಅಳತೆಯ ಒಂಬತ್ತನೇ ದಿನ.

ಒಂದು ವಿಷಯ ನಾಲ್ಕು ದಿನ ಮುಂಚೆಯೇ ನನ್ನ ಕಣ್ಣಿಗೆ ಬಿದ್ದಿತ್ತು, ಅದನ್ನು ಇಲ್ಲಿ ಬಚ್ಚಿಡುವುದು ಸರಿಯಲ್ಲ. ದೂರವನ್ನೂ ಎತ್ತರವನ್ನೂ ಒಟ್ಟಿಗೆ ಅಳೆಯುವ ಟೋಟಲ್ ಸ್ಟೇಷನ್ ಯಂತ್ರ ಇಟ್ಟು ನಾವು ಇಡೀ ಕಾಲೊನಿಯ ಮಟ್ಟ ತೆಗೆದಿದ್ದೆವು. ಲೆಕ್ಕ ಹಾಕಿದರೆ ನಾಲ್ಕನೇ ಕ್ರಾಸೇ ಎಲ್ಲಕ್ಕಿಂತ ತಗ್ಗು. ಆದರೆ ಕಚೇರಿಯಲ್ಲಿದ್ದ ಹಳೆಯ ನಕ್ಷೆಯ ಪ್ರಕಾರ ಮಳೆನೀರು ಒಯ್ಯುವ ರಾಜಕಾಲುವೆ ಇದ್ದದ್ದು ಐದನೇ ಕ್ರಾಸಿನಾಚೆ, ಸೈನ್ಯದ ಜಾಗದ ಕಾಂಪೌಂಡಿನ ಹಿಂದೆ. ಆ ಕಾಂಪೌಂಡಿನ ನೆಲ ನಾಲ್ಕನೇ ಕ್ರಾಸಿಗಿಂತ ನಾಲ್ಕು ಅಡಿ ಎತ್ತರ. ನೀರು ದಿಬ್ಬ ಹತ್ತಿ ಹರಿಯುವುದಿಲ್ಲ. ಸರ್ವೇಯರ್ ಅವರನ್ನು ಕೇಳಿದ್ದೆ.

"ಆ ಕಡೆ ಮಣ್ ತುಂಬಿದಾರೆ ಮೇಡಂ. ಅದ್ಕೆ ಎತ್ರ ಕಾಣ್ತದೆ," ಅಂದಿದ್ದರು.

ಅವರಿಗೆ ಅರವತ್ತರ ಮೇಲೆ. ರಾಮಮೂರ್ತಿ ನಗರದ ಕಡೆಯ ಹಳೆಯ ಊರಿನ ರೈತ ಮನೆತನ. ನಿವೃತ್ತಿಯಾದ ಮೇಲೂ ಕಚೇರಿ ಅವರನ್ನು ಬಿಟ್ಟಿರಲಿಲ್ಲ. ಪೂರ್ವದ ಹಳ್ಳಿಗಳ ಗ್ರಾಮನಕ್ಷೆಯ ಒಂದೊಂದು ಗಡಿಕಲ್ಲೂ ಅವರಿಗೆ ಬಾಯಿಪಾಠ. ಕಾಲೊನಿಯವರೆಲ್ಲ ಅವರನ್ನು ಗೌಡ್ರೇ ಎಂದು ಕರೆಯುತ್ತಿದ್ದರು, ಹಳೆಯ ಪರಿಚಯದವರನ್ನು ಕರೆದ ಹಾಗೆ. ಅವರು ಹೇಳಿದರು, ನಾನು ನಂಬಿದೆ. ಫೀಲ್ಡ್ ಬುಕ್ಕಿನಲ್ಲಿ ಆ ಸಾಲಿನ ಮುಂದೆ ಪ್ರಶ್ನೆಚಿಹ್ನೆ ಹಾಕಿ ಪುಟ ತಿರುವಿದ್ದೆ.

ಡ್ರಮ್ಮು ಹೋದ ಹೊತ್ತಿಗೆ ಬೆಳಗಿನ ಹತ್ತೂವರೆ. ಮೊದಲು ಇಡ್ಲಿಯಕ್ಕನ ಮನೆ, ಅದರ ಎರಡೂ ಬದಿಯ ಮನೆ ಖಾಲಿ ಮಾಡಿಸಿದೆವು. ಗ್ಯಾಸ್ ಸಿಲಿಂಡರ್ ಹೊರಗೆ ತಂದೆವು. ಪಕ್ಕದಲ್ಲೇ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವರಿಂದ ಕಬ್ಬಿಣದ ಜಾಕಿಗಳನ್ನು ತರಿಸಿ ಮೇಲಿನ ಸೂರಿಗೆ ಆಸರೆ ಕೊಟ್ಟೆವು. ನಾನು ಬಾಗಿಲ ಹೊಸ್ತಿಲ ಮೇಲೆ ಮಕಾಡೆ ಮಲಗಿ, ಟಾರ್ಚು ಕಟ್ಟಿದ ಕೋಲನ್ನು ತೂತಿಗೆ ಇಳಿಸಿದೆ. ಎರಡೂ ಬದಿ ಕಲ್ಲಿನ ಗೋಡೆ, ಮಧ್ಯೆ ಒಂಬತ್ತಡಿ ಅಗಲ. ಮೇಲುಮುಚ್ಚಿಗೆಗೆ ಒಂದಷ್ಟು ದೂರ ಚಪ್ಪಡಿಕಲ್ಲು, ಆಮೇಲೆ ಕಾಂಕ್ರೀಟು. ಕಾಂಕ್ರೀಟಿನ ಅಡಿಯಲ್ಲಿ ಕಂಬಿಗಳು ಹೊರಗೆ ಬಂದು ತುಕ್ಕು ಹಿಡಿದು ಜೋತುಬಿದ್ದಿದ್ದವು. ಬೆಳಕು ಎಷ್ಟು ದೂರ ಹೋಗುತ್ತದೋ ಅಷ್ಟು ದೂರವೂ ಕಾಲುವೆ ನೇರವಾಗಿ ಹೋಗಿತ್ತು, ಕ್ರಾಸಿನ ಉದ್ದಕ್ಕೆ, ಮನೆಗಳ ಹೊಟ್ಟೆಯ ಕೆಳಗೆ.

ಓಣಿಯಲ್ಲಿ ಮೂವತ್ತು ನಲವತ್ತು ಹೆಂಗಸರು ಸೇರಿದ್ದರು. ಯಾರೂ ಏನಾಯ್ತು ಎಂದು ಕೇಳಲಿಲ್ಲ. ಒಬ್ಬರೂ ಬಗ್ಗಿ ನೋಡಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಮಹಿಳಾ ಸಂಘದ ಅಧ್ಯಕ್ಷೆ ಮುಂದೆ ಬಂದರು. ಐವತ್ತರ ಹತ್ತಿರದ ಹೆಂಗಸು, ಇಂದಿರಾನಗರದ ಮೂರು ಮನೆಗಳಿಗೆ ಅಡುಗೆ ಮಾಡುತ್ತಿದ್ದರು. ಅವರ ಮನೆಯೂ ಅದೇ ಸಾಲಿನಲ್ಲಿ, ಎರಡಂತಸ್ತಿನದು. ನನ್ನ ಕೈಯಲ್ಲಿದ್ದ ಫೀಲ್ಡ್ ಬುಕ್ಕಿನ ಮೇಲೆ ಅಂಗೈ ಇಟ್ಟು, ಮೆಲ್ಲಗೆ, "ಇದನ್ನ ಬರ್ಕೋಬೇಡಿ ಮೇಡಂ," ಅಂದರು.

"ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಮಳೆ ಬಂದ್ರೆ ಮಂಚದ್ ಕೆಳ್ಗೆ ಸದ್ದು ಕೇಳ್ತದೆ. ನಾನು ಮದ್ವೆಯಾಗಿ ಬಂದಾಗ್ಲೇ ಅತ್ತೆ ಹೇಳಿದ್ರು, ಮೋರಿ ವಿಷ್ಯ ಆಫೀಸಿನೋರ್ ಹತ್ರ ಬಾಯ್ ಬಿಡ್ಬೇಡ ಅಂತ."

ಒಂಬತ್ತು ದಿನದಿಂದ ಈ ಹೆಂಗಸರು ನನಗೆ ಕಾಫಿ ಕೊಟ್ಟಿದ್ದರು, ಚಾಪೆ ಹಾಸಿ ಕೂರಿಸಿದ್ದರು, ಮನೆಯ ಉದ್ದಗಲ ಹೇಳಿದ್ದರು. ಕೂತ ಚಾಪೆಯ ಕೆಳಗೇನಿದೆ ಎಂದು ಮಾತ್ರ ಒಬ್ಬರೂ ಹೇಳಿರಲಿಲ್ಲ.

ಅವರು ಹೇಳದಿರಲು ಕಾರಣ ಇತ್ತು. ರಾಜಕಾಲುವೆ ಎಂಬ ಗೆರೆ ನಕ್ಷೆಗೆ ಬಂದರೆ ಅದರ ಎರಡೂ ಬದಿ ಜಾಗ ಬಿಡಬೇಕು. ಅದರ ಮೇಲಿದ್ದದ್ದೆಲ್ಲ ಒತ್ತುವರಿ. ಒತ್ತುವರಿಗೆ ಹಕ್ಕುಪತ್ರ ಇಲ್ಲ, ಅದಕ್ಕಿರುವುದು ನೋಟೀಸು.

ಕಾಲುವೆ ಯಾವ ಮನೆಗಳ ಕೆಳಗೆ ಹೋಗುತ್ತದೆ ಎಂದು ಖಚಿತ ಮಾಡದೆ ಒಂದು ಹೆಜ್ಜೆಯೂ ಮುಂದಿಡುವಂತಿರಲಿಲ್ಲ. ಒಳಗೆ ಇಳಿಯುವುದು ಅಪಾಯ, ಕೆಟ್ಟ ಗಾಳಿ ಇರುತ್ತದೆ. ಅದಕ್ಕೆ ಬಣ್ಣದ ಪರೀಕ್ಷೆ ಮಾಡುವುದು ಎಂದಾಯಿತು. ಮೇಲ್ಗಡೆ, ರಸ್ತೆ ಪಕ್ಕದ ಮೋರಿಯ ಬಾಯಿಯಲ್ಲಿ ನೀರಿಗೆ ಕಡುಹಸಿರು ಬಣ್ಣ ಸುರಿಯುವುದು. ನಾಲ್ಕನೇ ಕ್ರಾಸಿನ ಮನೆಗಳಲ್ಲಿ ಬಚ್ಚಲ ಜಾಲರಿ ಅಥವಾ ನೆಲದ ಬಿರುಕು ಎಲ್ಲೆಲ್ಲಿದೆಯೋ ಅಲ್ಲಿ ಒಬ್ಬೊಬ್ಬರು ಕೂತು, ಹಸಿರು ಕಂಡ ಕೂಡಲೇ ಫೋನ್ ಮಾಡುವುದು. ಅಧ್ಯಕ್ಷೆ ಮೊದಲು ಒಪ್ಪಲಿಲ್ಲ. ಇಡ್ಲಿಯಕ್ಕನ ಮನೆಯ ತೂತಿನ ಮುಂದೆ ನಿಂತು ಸುಮಾರು ಹೊತ್ತು ನೋಡಿ, "ಆಯ್ತು, ಹೆಂಗಸ್ರನ್ನ ನಾನ್ ಕೂರುಸ್ತೀನಿ" ಅಂದರು. ಆರು ಮನೆಗಳಲ್ಲಿ ಆರು ಜನ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಬಣ್ಣ ಸುರಿದೆವು. ನಾನು ಕ್ರಾಸಿನ ನಡುವೆ ಗಡಿಯಾರ ಹಿಡಿದು ನಿಂತಿದ್ದೆ. ನಾಲ್ಕನೇ ನಿಮಿಷಕ್ಕೆ ಮೊದಲ ಫೋನು: "ಬಂತು ಮೇಡಂ." ಆರಕ್ಕೆ ಎರಡನೆಯದು. ಇಡ್ಲಿಯಕ್ಕ ಎಂಟನೇ ನಿಮಿಷಕ್ಕೆ, ಫೋನಿಲ್ಲದೆ, ಬಾಗಿಲಿಂದಲೇ ಕೈ ಎತ್ತಿದರು. ನಾನು ನಕ್ಷೆಯ ಮೇಲೆ ಒಂದೊಂದೇ ಚುಕ್ಕೆ ಇಡುತ್ತಿದ್ದೆ. ಆರು ಚುಕ್ಕೆ ಆಗಬೇಕಿತ್ತು.

ಐದನೇ ಚುಕ್ಕೆ ಇಟ್ಟಾಗ ಎದುರಿನ ಅಂಗನವಾಡಿಯಿಂದ ಟೀಚರ್ ಹೊರಗೆ ಬಂದರು. ಅವರಿಗೆ ನಾವು ಏನೂ ಹೇಳಿರಲಿಲ್ಲ. ಅಂಗನವಾಡಿ ಓಣಿಯ ಆಚೆ ಬದಿಗಿತ್ತು, ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವರ ಕೈಯಲ್ಲಿ ಮಕ್ಕಳ ಕೈತೊಳೆಯುವ ಚೊಂಬು ಇತ್ತು.

"ಮೇಡಂ, ಬಚ್ಚಲ ಜಾಲ್ರಿ ಒಳ್ಗಡೆ ನೀರೆಲ್ಲ ಹಸ್ರಾಗಿದೆ. ಏನಾದ್ರೂ ಔಷ್ದ ಹಾಕಿದೀರಾ?"

ನಾನು ಒಳಗೆ ಹೋದೆ. ಇಪ್ಪತ್ತಾರು ಮಕ್ಕಳು ಗೋಡೆಯುದ್ದಕ್ಕೂ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ನೆಲ ಕೆಂಪು, ನಯವಾದ ಗಾರೆ. ಬಚ್ಚಲ ಮೂಲೆಯಲ್ಲಿ ಅಂಗೈಯಗಲದ ಜಾಲರಿ. ಅದರ ಕೆಳಗೆ, ಬಹಳ ಕೆಳಗೆ, ಹಸಿರು ನೀರು ಹೊಳೆಯುತ್ತಾ ಓಡುತ್ತಿತ್ತು. ಆ ಕಟ್ಟಡದ ಮೇಲೆ ಇನ್ನೊಂದು ಕೋಣೆ ಕಟ್ಟಬಹುದು ಎಂದು ಕರಡು ವರದಿಯಲ್ಲಿ ಬರೆದಿದ್ದವಳು ನಾನು. ಗೋಡೆ ನೋಡಿದ್ದೆ, ಸೂರು ನೋಡಿದ್ದೆ, ಬಿರುಕಿಲ್ಲ ಎಂದು ಬರೆದಿದ್ದೆ. ನೆಲ ಯಾತರ ಮೇಲೆ ನಿಂತಿದೆ ಎಂದು ಕೇಳಿರಲಿಲ್ಲ.

"ಮಕ್ಳನ್ನ ಈಗ್ಲೇ ಹೊರಗ್ ಕರ್ಕೊಂಡ್ ಹೋಗಿ ಟೀಚರ್," ಅಂದೆ. "ಓಡ್ಸೋದ್ ಬೇಡ. ಒಬ್ಬೊಬ್ರಾಗಿ, ಗೋಡೆ ಪಕ್ಕದಲ್ಲೇ."

ಅವರು ಚೊಂಬು ಕೆಳಗಿಟ್ಟರು. ಮಕ್ಕಳಿಗೆ ಇವತ್ತು ಊಟ ಬುದ್ಧವಿಹಾರದಲ್ಲಿ ಎಂದರು. ಮಕ್ಕಳು ತಟ್ಟೆ ಹಿಡಿದುಕೊಂಡು ಸಾಲಾಗಿ ಹೋದರು. ಕಾಲೊನಿಯ ಮೇಲ್ತುದಿಯ ಆ ಪುಟ್ಟ ವಿಹಾರದಲ್ಲೇ ಅವತ್ತಿನಿಂದ ಅಂಗನವಾಡಿ ನಡೆಯಿತು.

ಕಚೇರಿಗೆ ಹೋದವಳೇ ಹಳೆಯ ನಕ್ಷೆಯ ಮೂಲಪ್ರತಿ ಹುಡುಕಿಸಿದೆ. ಇಪ್ಪತ್ತು ವರ್ಷದ ಹಿಂದೆ ನಮ್ಮದೇ ಕಚೇರಿ ಮಾಡಿದ್ದು, ಟ್ರೇಸಿಂಗ್ ಹಾಳೆಯ ಮೇಲೆ ಶಾಯಿಯಲ್ಲಿ. ಅದನ್ನು ಕಿಟಕಿಗೆ ಹಿಡಿದೆ. ನಾಲ್ಕನೇ ಕ್ರಾಸಿನ ಉದ್ದಕ್ಕೂ ಹಾಳೆ ತೆಳುವಾಗಿತ್ತು, ಮಸುಕಾಗಿತ್ತು. ಶಾಯಿಯ ಗೆರೆಯನ್ನು ಬ್ಲೇಡಿನಿಂದ ಕೆರೆದಾಗ ಹಾಗಾಗುತ್ತದೆ. ಅದೇ ಗೆರೆ ಕಾಂಪೌಂಡಿನ ಹಿಂದೆ ಹೊಸದಾಗಿ ಬಂದು ಕೂತಿತ್ತು. ಕೆಳಗೆ ಅಳತೆ ಮಾಡಿದವರ ಹೆಸರು ಓದಿದೆ. ಇನ್ನೊಮ್ಮೆ ಓದಿದೆ.

ಸಂಜೆ ನಾಲ್ಕಕ್ಕೆ ಸರ್ವೇಯರ್ ಯಂತ್ರ ಹಿಂತಿರುಗಿಸಲು ಬಂದರು. ಹಾಳೆಯನ್ನು ಅವರ ಮುಂದೆ ಹಾಸಿದೆ. ಅವರು ಕನ್ನಡಕ ಹಾಕಿಕೊಳ್ಳಲೂ ಇಲ್ಲ.

"ನಾನೇ ಕೆರ್ದಿದ್ದು," ಅಂದರು.

ಹಾಳೆ ತೆಳುವಾದ ಜಾಗದ ಮೇಲೆ ಬೆರಳಿಟ್ಟರು.

"ಆಗ ಅಲ್ಲಿದ್ದಿದ್ದು ಬರೀ ಶೀಟ್ ಮನೆ ಮೇಡಂ. ಗೋಡೆ ಮಣ್ಣಿಂದು. ಗೆರೆ ಇದ್ರೆ ನಲ್ವತ್ ಮನೆ ಕೀಳ್ತಾರೆ ಅಂತ ಹೆಂಗಸ್ರು ಬಂದ್ ನಿಂತ್ರು. ಕೈ ಮುಗೀಲಿಲ್ಲ, ಅಳ್ಲಿಲ್ಲ. ಸುಮ್ನೆ ನಿಂತ್ರು. ನಮ್ಮಪ್ಪನ ರಾಗಿ ಹೊಲದ್ ಮೇಲೆ ಯಾರೋ ಆಫೀಸಲ್ ಕೂತು ಗೆರೆ ಎಳ್ದಿದ್ದು ನಂಗೆ ಜ್ಞಾಪಕ ಇತ್ತು. ಲೇಔಟಾಯ್ತು, ರೋಡಾಯ್ತು, ಊರೇ ಕಾಣ್ದಂಗಾಯ್ತು. ನಮ್ಗೇನೋ ನಾಲ್ಕು ಬಾಡ್ಗೆ ಮನೆ ಉಳೀತು. ಇವ್ರಿಗೆ ಏನ್ ಉಳೀತಿತ್ತು? ಅದ್ಕೆ ಗೆರೇನ ಕಾಂಪೌಂಡ್ ಹಿಂದಕ್ಕೆ ಹಾಕ್ದೆ. ಅಲ್ಲಿಗ್ ಯಾರೂ ಹೋಗಿ ಅಳ್ಯಲ್ಲ."

"ಮೊನ್ನೆ ನಾನು ಕೇಳ್ದಾಗ ಹೇಳ್ಬೋದಿತ್ತಲ್ಲ ಸರ್."

"ಹೇಳ್ಬೋದಿತ್ತು."

"ಅದ್ರ ಮೇಲೆ ಮೋಲ್ಡ್ ಹಾಕಿದಾರೆ. ಎರಡಂತಸ್ತು ಕಟ್ಟಿದಾರೆ. ಮಕ್ಳನ್ನ ಕೂರ್ಸಿದಾರೆ."

ಅವರು ತಲೆ ಎತ್ತಲಿಲ್ಲ. "ಗೆರೆ ಇಲ್ಲ ಅಂದ್ಮೇಲೆ ಕಟ್ತಾರೆ. ಅಷ್ಟು ನಂಗೆ ಹೊಳೀಲಿಲ್ಲ."

ಕೋಪ ಬರಬೇಕಿತ್ತು, ಬಂತು ಕೂಡ. ಆದರೆ ಅದಕ್ಕಿಂತ ಮುಂಚೆ ಬಂದದ್ದು ಬೇರೆ ಏನೋ. ಕೆಲಸ ಕಲಿತ ದಿನದಿಂದ ನಾನು ನಂಬಿದ್ದು ನಕ್ಷೆಯನ್ನು. ಜನ ಮರೆಯುತ್ತಾರೆ, ಉತ್ಪ್ರೇಕ್ಷೆ ಮಾಡುತ್ತಾರೆ, ನಕ್ಷೆ ಹಾಗಲ್ಲ ಎಂದುಕೊಂಡಿದ್ದೆ. ಒಬ್ಬ ಒಳ್ಳೆಯ ಮನುಷ್ಯ ಕರುಣೆಯಿಂದ ಹೇಳಿದ ಸುಳ್ಳಿನ ಮೇಲೆ ಇನ್ನೂರು ಕುಟುಂಬದ ಯೋಜನೆ ಬರೆದು ಸಹಿ ಹಾಕಿದ್ದೆ.

ಮರುದಿನ ಎಲ್ಲವನ್ನೂ ಕಚೇರಿಯ ಮುಖ್ಯಸ್ಥರಿಗೆ ಹೇಳಿದೆ. ಅವರು ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನಿನ ಕ್ಯಾಪು ಹಾಕಿಟ್ಟರು.

"ನೋಡಿ, ಡ್ರೈನ್ ಮ್ಯಾಪಲ್ಲಿ ಬಂತು ಅಂದ್ರೆ ಇದು ಇದ್ದಲ್ಲೇ ಸರಿ ಮಾಡೋ ಪ್ರಾಜೆಕ್ಟ್ ಅಲ್ಲ. ಪೂರ್ತಿ ಶಿಫ್ಟಿಂಗ್. ಕೆ.ಆರ್. ಪುರದ ಆಚೆ ಫ್ಲ್ಯಾಟ್ ರೆಡಿ ಇವೆ, ಕಳ್ಸಿ ಅಂತಾರೆ. ಬರ್ಲಿಲ್ಲ ಅಂದ್ರೆ ನಿಮ್ ರಿಪೋರ್ಟ್ ಹಂಗೇ ಹೋಗತ್ತೆ. ಎರಡ್ರಲ್ಲಿ ಯಾವ್ದಾದ್ರೂ ನಂಗೆ ಪರ್ವಾಗಿಲ್ಲ. ಡಿಸೈಡ್ ಮಾಡಿ ಹೇಳಿ."

ಎಷ್ಟು ಶಾಂತವಾಗಿ ಹೇಳಿದರೆಂದರೆ ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಒಂದು ದಾರಿಯಲ್ಲಿ ಮಕ್ಕಳು ಮತ್ತೆ ಆ ಕೆಂಪು ನೆಲದ ಮೇಲೆ. ಇನ್ನೊಂದರಲ್ಲಿ ಇನ್ನೂರು ಮನೆಯೂ ಊರಾಚೆ.

ಆ ಫ್ಲ್ಯಾಟುಗಳನ್ನು ನೋಡದೆ ಏನನ್ನೂ ಹೇಳಬಾರದು ಎನಿಸಿ ಅಧ್ಯಕ್ಷೆಯನ್ನು ಕರೆದೆ. ಅವರು ಬೆಳಗಿನ ಅಡುಗೆ ಮುಗಿಸಿ ಬಂದರು. ಹಲಸೂರಿನಿಂದ ಕೆ.ಆರ್. ಪುರಕ್ಕೆ ಮೆಟ್ರೋದಲ್ಲಿ ಹೋದದ್ದೇ ಗೊತ್ತಾಗಲಿಲ್ಲ. ಆಮೇಲೆ ಬಸ್ಸಿಗೆ ಮುಕ್ಕಾಲು ಗಂಟೆ ಕಾದೆವು. ಇಳಿದ ಮೇಲೆ ನಡಿಗೆ. ದಾರಿಯ ಎರಡೂ ಬದಿ ಹೊಲಗಳಿಗೆ ಕಲ್ಲು ನೆಟ್ಟು ಸೈಟು ಮಾಡಿದ್ದರು. ನಡುವೆ ಒಂದೊಂದು ಮನೆ, ಸುತ್ತ ಏನೂ ಇಲ್ಲ. ನಗರ ಅಲ್ಲಿಗೆ ತಲುಪುವ ಮುಂಚೆಯೇ ಅದರ ಬೋರ್ಡುಗಳು ತಲುಪಿದ್ದವು.

ಕಟ್ಟಡ ಗಟ್ಟಿಯಾಗಿತ್ತು, ಅದರಲ್ಲಿ ತಪ್ಪು ಹುಡುಕಲಾರೆ. ಪಾಯ ಬಂಡೆಯ ಮೇಲೆ. ಆದರೆ ಐದಂತಸ್ತು ಹತ್ತುವಾಗ ಎಣಿಸಿದೆ, ಬಾಗಿಲು ಬಾಗಿಲಿಗೂ ಬೀಗ. ನಾಲ್ಕನೇ ಅಂತಸ್ತಿನಲ್ಲಿ ಒಬ್ಬ ಹೆಂಗಸು ನೀರಿನ ಬಿಂದಿಗೆ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದರು. ಶಿವಾಜಿನಗರದ ಕಡೆಯ ಒಂದು ಓಣಿಯಿಂದ ಅವರನ್ನು ಹಿಂದಿನ ವರ್ಷ ತಂದಿದ್ದರು.

"ಇವ್ರೆಲ್ಲ ಎಲ್ಲಿ ಹೋದ್ರು?" ಅಧ್ಯಕ್ಷೆ ಕೇಳಿದರು.

"ವಾಪಸ್ಸು. ಅಲ್ಲೇ ಇನ್ನೆಲ್ಲೋ ಮೋರಿ ಪಕ್ಕ ಶೀಟ್ ಹಾಕ್ಕೊಂಡವ್ರೆ. ಇಲ್ಲಿ ಮೊದಲ್ನೇ ಬಸ್ಸು ಏಳಕ್ಕೆ. ನಾವ್ ಕಸ ಗುಡಿಸೋರು ಆರಕ್ಕೆ ಅಲ್ಲಿರ್ಬೇಕು. ಎಷ್ಟ್ ದಿನ ಅಂತ ಬೈಸ್ಕೊಳೋದು? ನಂಗೆ ಮಂಡಿ ನೋವು, ಅದ್ಕೆ ಉಳ್ಕೊಂಡೆ."

ಎಬ್ಬಿಸಿದ ಜನ ಮತ್ತೆ ಇನ್ನೊಂದು ಮೋರಿಯ ಪಕ್ಕಕ್ಕೇ ಹೋಗಿದ್ದರು. ಅಲ್ಲಿಗೂ ನನ್ನಂಥವಳೊಬ್ಬಳು ಮುಂದೊಂದು ದಿನ ಟೇಪು ಹಿಡಿದು ಹೋಗುತ್ತಾಳೆ. ವಾಪಸ್ಸು ಬಂದು ಹಲಸೂರು ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಅಧ್ಯಕ್ಷೆ ನಿಂತರು.

"ನಾನು ಆ ಮೋರಿ ಮೇಲೇ ಸಾಯ್ತೀನಿ ಅಂದ್ರೆ ನೀವು ಬಿಡ್ತೀರಾ ಮೇಡಂ?"

"ನೀವೊಬ್ರೇ ಆಗಿದ್ರೆ ಬಿಡ್ತಿದ್ನೇನೋ. ಅಂಗನವಾಡಿ ಮಕ್ಳು ಹಂಗಂದಿಲ್ವಲ್ಲಕ್ಕ."

ಅವರು ಇನ್ನೊಂದು ಮೆಟ್ಟಿಲು ಇಳಿದರು. "ಹಂಗಾದ್ರೆ ಗೆರೆ ಹಾಕಿ," ಅಂದರು. "ಆದ್ರೆ ನಮ್ಮನ್ನ ಎಲ್ಲಿಡ್ತೀರ ಅಂತ ಅದೇ ಕಾಗ್ದದಲ್ಲಿ ಹಾಕಿ. ಬೇರೆ ಕಾಗ್ದದಲ್ಲಿ ಬೇಡ."

ನಾನು ಮಾಡಿದ ತೀರ್ಮಾನ ಅಷ್ಟೇ. ಅದು ನನ್ನದಲ್ಲ, ಅವರದು. ಕಾಲುವೆಯ ನಕ್ಷೆ, ಹೊಸ ಮನೆಗಳ ನಕ್ಷೆ ಎರಡೂ ಒಂದೇ ಹಾಳೆಯಲ್ಲಿ ಇರಬೇಕು. ಒಂದನ್ನು ಒಪ್ಪಿ ಒಂದನ್ನು ಬಿಡಲು ಯಾರಿಗೂ ಆಗಬಾರದು. ಮುಖ್ಯಸ್ಥರಿಗೆ ಹೇಳಿದೆ, ಕರಡು ವರದಿ ವಾಪಸ್ಸು ಪಡೆಯುತ್ತೇನೆ ಎಂದು ಬರೆದುಕೊಟ್ಟೆ. ಅವರು ಮೂರು ವಾರ ಕೊಟ್ಟರು.

ಕಾಲುವೆಯ ಮೇಲೆ, ಪಕ್ಕದಲ್ಲಿ ಒಟ್ಟು ನಲವತ್ತೊಂದು ಮನೆ. ಅಷ್ಟಕ್ಕೆ ಕಾಲೊನಿಯೊಳಗೇ ಜಾಗ ಹುಡುಕಬೇಕು. ಎರಡನೇ ಮತ್ತು ಮೂರನೇ ಕ್ರಾಸಿನ ಮನೆಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು, ಮಧ್ಯೆ ಮೂರಡಿಯ ಸಂದಿ, ಕಸ ತುಂಬಿದ್ದು. ಪ್ರತಿ ಮನೆಗೂ ಹೊರಗಡೆ ಒಂದು ಕಡಿದಾದ ಮೆಟ್ಟಿಲು. ಸಂದಿ ತೆಗೆದು, ನಾಲ್ಕು ಮನೆಗೆ ಒಂದೇ ಮೆಟ್ಟಿಲು ಮಾಡಿ, ಗೋಡೆ ಹಂಚಿಕೊಂಡು ಕಟ್ಟಿದರೆ ಎಷ್ಟು ಉಳಿಯುತ್ತದೆ? ನಾನೂ ಸರ್ವೇಯರೂ ಎದುರುಬದುರು ಕೂತು ಲೆಕ್ಕ ಹಾಕಿದೆವು. ಆ ದಿನಗಳಲ್ಲಿ ಅಳತೆ ಬಿಟ್ಟು ನಮ್ಮ ನಡುವೆ ಬೇರೆ ಮಾತಿರಲಿಲ್ಲ. ಏನೇ ಮಾಡಿದರೂ ಮೂವತ್ತು ಮನೆಗಿಂತ ಹೆಚ್ಚು ಕೂರಲಿಲ್ಲ. ಬೆಂಕಿ ಆರಿಸುವ ಗಾಡಿ ಬರುವಷ್ಟು ದಾರಿ ಬಿಟ್ಟ ಮೇಲೆ, ಮೂವತ್ತೇ.

ಮೂವತ್ತಾಗಬೇಕಾದರೂ ಎರಡನೇ, ಮೂರನೇ ಕ್ರಾಸಿನವರು ಚೆನ್ನಾಗಿರುವ ತಮ್ಮ ಮನೆ ಒಡೆಸಿ, ಚಿಕ್ಕದರಲ್ಲಿ ಇರಲು ಒಪ್ಪಬೇಕು. ಒಂದು ಭಾನುವಾರ ವಿಹಾರದ ಮುಂದೆ ಎಲ್ಲರನ್ನೂ ಸೇರಿಸಿ ಹಾಳೆ ಬಿಡಿಸಿದೆವು. ಎರಡನೇ ಕ್ರಾಸಿನ ಒಬ್ಬ ಆಟೋ ಡ್ರೈವರ್ ಎದ್ದು ನಿಂತರು.

"ಮೋರಿ ಮೇಲ್ ಕಟ್ಟಿದ್ದು ಅವ್ರು. ನನ್ ಮನೆ ಯಾಕ್ ಒಡೀಬೇಕು? ನಂದು ಗಟ್ಟಿ ನೆಲ."

ನ್ಯಾಯವಾದ ಮಾತೇ. ಆಗ ಅಂಗನವಾಡಿ ಟೀಚರ್ ಎದ್ದರು. ಹಾಜರಿ ಪುಸ್ತಕ ತಂದಿದ್ದರು. ಮಕ್ಕಳನ್ನು ಕ್ರಾಸಿನ ಪ್ರಕಾರ ಓದಿದರು. ನಾಲ್ಕನೇ ಕ್ರಾಸಿನವರು ಐದೇ ಜನ. ಎರಡನೇ ಕ್ರಾಸಿನವರು ಒಂಬತ್ತು.

"ಅಣ್ಣ, ನಿಮ್ ಮೊಮ್ಮಗಳು ಬಚ್ಚಲ್ ಪಕ್ಕದಲ್ಲೇ ಕೂರ್ತಿದ್ಳು," ಅಂದರು. "ಜಾಲ್ರಿ ಒಳಗೆ ಕಡ್ಲೆಕಾಯ್ ಸಿಪ್ಪೆ ಹಾಕಿ, ಹೋಯ್ತು ಹೋಯ್ತು ಅಂತ ಚಪ್ಪಾಳೆ ಹೊಡೀತಿದ್ಳು. ನಾನ್ ಬೈತಿದ್ದೆ. ಅದು ಎಲ್ಲಿಗ್ ಹೋಗ್ತಿತ್ತು ಅಂತ ನಂಗೂ ಗೊತ್ತಿರ್ಲಿಲ್ಲ."

ಆಟೋ ಡ್ರೈವರ್ ಕೂತರು. ಒಪ್ಪಿದೆ ಎಂದು ಅವತ್ತು ಹೇಳಲಿಲ್ಲ. ಹತ್ತು ದಿನ ಬಿಟ್ಟು ನಾವು ಅವರ ಬಾಗಿಲಿಗೆ ಹೋದಾಗ, ಒಳಗಿನಿಂದ ಸ್ಟೂಲು ತಂದು, ಗೋಡೆ ಅಳೆಯಲು ಸರ್ವೇಯರ್ ಮುಂದೆ ಇಟ್ಟರು.

ಇಲಾಖೆಯ ಸಭೆಯಲ್ಲಿ ಸರ್ವೇಯರ್ ತಾವೇ ಎದ್ದು ಗೆರೆ ಅಳಿಸಿದ್ದನ್ನು ಹೇಳಿದರು, ಬರೆದೂ ಕೊಟ್ಟರು. ಬೇಡ ಎಂದು ಮುಖ್ಯಸ್ಥರು ತಡೆದಿದ್ದರು. ಅದರಿಂದ ಸರ್ವೇಯರ್ ಅವರ ಕೆಲಸ ಹೋಯಿತು. ಹಾಳೆ ಮೂರು ಸಲ ವಾಪಸ್ಸು ಬಂದು, ನಾಲ್ಕನೇ ಸಲ ಮಂಜೂರಾಯಿತು.

ಉಳಿದದ್ದು ಹನ್ನೊಂದು ಕುಟುಂಬ. ವೈಟ್‌ಫೀಲ್ಡ್ ಕಡೆ ಕೆಲಸವಿದ್ದ ನಾಲ್ಕು ಮನೆಯವರು ತಾವೇ ಫ್ಲ್ಯಾಟಿಗೆ ಹೋಗುತ್ತೇವೆ ಎಂದರು. ಹೋಗಬೇಕಾದ ಇನ್ನೇಳು ಮನೆ ಯಾವುವೆಂದು ಒಂದು ಮಗುವಿನ ಕೈಯಲ್ಲಿ ಚೀಟಿ ಎತ್ತಿಸಿದೆವು. ಐದನೆಯ ಚೀಟಿ ಇಡ್ಲಿಯಕ್ಕನದು. ಮೂವತ್ತು ವರ್ಷ ಬೆಳಗಿನ ಹೊತ್ತು ಹಲಸೂರಿನ ಬೀದಿಯಲ್ಲಿ ಇಡ್ಲಿ ಮಾರಿದವರು. ನಾನು ಅವರ ಕಡೆ ನೋಡಲಾರದೆ ನಿಂತಿದ್ದೆ. ಅವರೇ ಬಂದು ನನ್ನ ಮೊಣಕೈ ಮುಟ್ಟಿ, "ಚೀಟಿ ಬರ್ದಿದ್ದು ನೀವಾದ್ರೂ ಎತ್ತಿದ್ದು ಮಗು. ಬಿಡಿ," ಅಂದರು. ಈಗ ಕೆ.ಆರ್. ಪುರದ ಮೆಟ್ರೋ ಹತ್ತಿರ ಇಡ್ಲಿ ಇಡುತ್ತಾರಂತೆ. ನಾನು ಹೋಗಿ ನೋಡಿಲ್ಲ. ಹೋಗುತ್ತೇನೆ ಎಂದು ಹೇಳುವ ಧೈರ್ಯವೂ ಇಲ್ಲ.

ಮನೆಗಳು ಖಾಲಿಯಾದ ಮೇಲೆ ಕಾಲುವೆಯ ಮೇಲುಮುಚ್ಚಿಗೆ ತೆಗೆಯುವ ಕೆಲಸ ಶುರುವಾಯಿತು. ಓಣಿಗೆ ದೊಡ್ಡ ಯಂತ್ರ ಬರುವುದಿಲ್ಲ. ಕೈಯಲ್ಲಿ ಹಿಡಿಯುವ ಬ್ರೇಕರಿನಿಂದ ತುಂಡು ತುಂಡಾಗಿ ಕತ್ತರಿಸಿ, ಸರಪಳಿ ಕಟ್ಟಿ ಎತ್ತಬೇಕು. ಅಂಗನವಾಡಿಯ ನೆಲ ತೆಗೆಯುವ ದಿನ ನಾನು ಹೋಗಿದ್ದೆ. ಸರ್ವೇಯರೂ ಬಂದಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಬಿಳಿ ಅಂಗಿ ಹಾಕಿಕೊಂಡು, ಜೇಬಿನಲ್ಲಿ ತಮ್ಮದೇ ಟೇಪು ಇಟ್ಟುಕೊಂಡು, ಅಧ್ಯಕ್ಷೆಯ ಪಕ್ಕ ನಿಂತಿದ್ದರು.

ಮಕ್ಕಳು ಊಟಕ್ಕೆ ಕೂರುತ್ತಿದ್ದ ಕಡೆಯ ಮೊದಲ ತುಂಡು ಮೇಲೆ ಬಂತು. ಮೇಲ್ಮೈ ನಯವಾದ ಕೆಂಪು ಗಾರೆ, ಅದರ ಮೇಲೆ ಸುಣ್ಣದಲ್ಲಿ ಬರೆದ ಒಂದು, ಎರಡು, ಮೂರು. ಕೆಲಸದವರು ಅದನ್ನು ಮಗುಚಿ ನೆಲಕ್ಕಿಳಿಸಿದಾಗ ಯಾರೋ ಬ್ರೇಕರ್ ನಿಲ್ಲಿಸಿದರು. ಅಡಿಯಲ್ಲಿ ಕಂಬಿ ಇರಲಿಲ್ಲ. ಕಂಬಿ ಇದ್ದ ಜಾಗದಲ್ಲಿ ಕೆಂಪು ಪುಡಿಯ ಗೆರೆಗಳಿದ್ದವು. ಮುಟ್ಟಿದರೆ ಬೆರಳಿಗೆ ಬಂತು. ಕಾಂಕ್ರೀಟೆಲ್ಲ ಉದುರಿಹೋಗಿ, ಉಳಿದಿದ್ದದ್ದು ಹೆಚ್ಚುಕಮ್ಮಿ ಆ ಗಾರೆಯೇ.

ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡು ವಿಹಾರದ ಕಡೆ ನಡೆದುಬಿಟ್ಟರು.

ಸರ್ವೇಯರ್ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತರು. ಟೇಪು ತೆಗೆದರು. ತುಂಡಿನ ಅಂಚಿನ ದಪ್ಪಕ್ಕೆ ಹಿಡಿದು, ಕನ್ನಡಕ ಹಾಕಿಕೊಂಡು, ಕಣ್ಣು ಹತ್ತಿರ ತಂದರು.

"ಒಂದೂವರೆ ಇಂಚು," ಅಂದರು. "ಬರ್ಕೊಳ್ಳಿ ಮೇಡಂ."

ನಾನು ಬರೆದುಕೊಂಡೆ. ಅವರು ಏಳಲಿಲ್ಲ. ಕೂತಲ್ಲೇ ಸರಿದು ಇನ್ನೊಂದು ಅಂಚಿಗೆ ಟೇಪು ಹಿಡಿದರು. "ಒಂದೂಕಾಲು." ಮತ್ತೆ ಸರಿದರು. ಕೆಲಸದವರು ಸರಪಳಿ ಬಿಚ್ಚಿ ಅವರಿಗೆ ಜಾಗ ಮಾಡಿಕೊಟ್ಟರು. ಅವರು ನಾಲ್ಕೂ ಅಂಚು ಅಳೆದರು. ನಾಲ್ಕನ್ನೂ ಗಟ್ಟಿಯಾಗಿ ಓದಿದರು.